ಕುಳಿತಲ್ಲೇ ಕೆಂಪಾಗುವ ಗಡಿಯಾರ

ಅದು ಮೊದಲ ಸಲ ಬಂದಾಗ ನಾನು ಏನೂ ಮಾಡುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಕಂಡವರೆಲ್ಲ ಕೇಳಿದ್ದು ಅದನ್ನೇ. ಭಾರ ಎತ್ತಿದ್ದೆಯಾ, ಯಾರ ಜೊತೆಗಾದರೂ ಜಗಳವಾಡಿದ್ದೆಯಾ, ಉಪವಾಸ ಇದ್ದೆಯಾ? ಏನೂ ಇಲ್ಲ. ಬೆಟಗೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಯಾರೋ ಗುಂಡಿ ಒತ್ತಿದಂತೆ ಎದೆ ಒಮ್ಮೆಗೇ ಓಡಲು ಶುರು ಮಾಡಿತು. ಗಂಟಲಲ್ಲಿ ಬಡಿತ, ಕಿವಿಯಲ್ಲಿ ಬಡಿತ, ಸೆರಗು ತಾನಾಗಿಯೇ ಅಲುಗುವುದು ಕಣ್ಣಿಗೆ ಕಾಣುತ್ತಿತ್ತು. ಸಾಯುತ್ತಿದ್ದೇನೆ ಎಂದುಕೊಂಡೆ. ಸೊಪ್ಪು ಅರ್ಧ ಉಳಿಯಿತಲ್ಲ ಎಂದೂ ಅನ್ನಿಸಿತು. ಸಾಯುವ ಹೊತ್ತಿನಲ್ಲೂ ನನ್ನ ಬುದ್ಧಿ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ.

ನನ್ನ ನೆಗೆಣ್ಣಿ ರೇಣವ್ವ, ಅಂದರೆ ಮೈದುನನ ಹೆಂಡತಿ, ಒಳಗಿನಿಂದ ಓಡಿಬಂದಳು. ನಾವಿಬ್ಬರೂ ಸೇರಿ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತೇವೆ. ನನ್ನ ಮುಖ ನೋಡಿ ಅವಳು ಹೆಚ್ಚು ಯೋಚಿಸಲಿಲ್ಲ.

"ತಡಿಬೇ ಯಕ್ಕಾ, ಗಾಬರಿ ಆಗಬ್ಯಾಡ. ಮೊದಲ ನೀರ ಕುಡಿ."

ಮಣ್ಣಿನ ಹರವಿಯ ತಣ್ಣನೆಯ ನೀರನ್ನು ಗಟಗಟ ಕುಡಿಸಿದಳು. ಎದೆಯಲ್ಲಿ ಧಡ್ ಎಂದು ಒಂದು ಏಟು ಬಿದ್ದು ಎಲ್ಲ ಶಾಂತವಾಯಿತು. ನಮ್ಮ ಕಡೆ ಎಲ್ಲದಕ್ಕೂ ಮೊದಲ ಮದ್ದು ನೀರು. ಬಿದ್ದರೆ ನೀರು, ಅತ್ತರೆ ನೀರು, ಪರವೂರಿಂದ ಬಂದವರಿಗೆ ಮಾತಿಗಿಂತ ಮೊದಲು ನೀರು. ಹಾಗಾಗಿ ನೀರಿನಿಂದ ನನಗೆ ತೊಂದರೆಯಾದೀತು ಎಂದು ಯಾರಿಗೂ ಹೊಳೆಯಲಿಲ್ಲ.

ಈಗ ನಾನು ಆರಾಮ ಇದ್ದೇನೆ. ಹುಟ್ಟಿದಾಗಿನಿಂದಲೇ ನನ್ನ ಹೃದಯದಲ್ಲಿ ಇರಬಾರದ ಒಂದು ದಾರಿ ಇತ್ತಂತೆ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ತೊಡೆಯ ರಕ್ತನಾಳದೊಳಗಿಂದ ತಂತಿ ತೂರಿಸಿ ಅದನ್ನು ಸುಟ್ಟು ಮುಚ್ಚಿದರು. ಎಚ್ಚರವಾಗಿಯೇ ಇದ್ದೆ. ಸುಡುವ ಮೊದಲು ದಾರಿ ಹುಡುಕಲು ಅವರೇ ಬೇಕೆಂದು ನನ್ನ ಎದೆಯನ್ನು ಓಡಿಸಿದರು. ಆಗ ಒಬ್ಬ ನರ್ಸ್ ನನ್ನ ಹಣೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಅವಳ ಹೆಸರು ಕೇಳಲಿಲ್ಲ, ಆ ಕೈ ಮಾತ್ರ ಮರೆತಿಲ್ಲ. ಹುಬ್ಬಳ್ಳಿಯ ಕಥೆ ಇಷ್ಟೇ. ಕಷ್ಟವಾಗಿದ್ದು ಅದಲ್ಲ. ಹುಬ್ಬಳ್ಳಿಯವರೆಗೆ ಹೋಗಲು ಮೊದಲು ಈ ರೋಗ ಇದೆ ಎಂದು ಯಾರಾದರೂ ನಂಬಬೇಕಿತ್ತು. ನಿಮಗೂ ಹೀಗೆ ಆಗಿ, "ಗ್ಯಾಸ್ ಇರಬೇಕು" ಎಂದು ಹೇಳಿಸಿಕೊಂಡು ಮನೆಗೆ ಬಂದಿದ್ದರೆ, ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ.

ನನಗೂ ಗ್ಯಾಸ್ ಎಂದೇ ಹೇಳಿದರು. ಇನ್ನೊಬ್ಬರು ಟೆನ್ಶನ್ ಎಂದರು. ಮತ್ತೊಬ್ಬರು ನನ್ನ ವಯಸ್ಸು ಕೇಳಿ, ಮುಟ್ಟು ನಿಲ್ಲುವ ಕಾಲ ಎಂದು ತಲೆಯಾಡಿಸಿದರು. ಅವರದೂ ತಪ್ಪಿಲ್ಲ. ಎದೆ ಓಡಲು ಶುರುವಾದ ಕೂಡಲೇ ರೇಣವ್ವ ನೀರು ಕುಡಿಸುತ್ತಿದ್ದಳು, ನಮ್ಮ ಮನೆಯವರು ಗೂಡ್ಸ್ ಆಟೊ ತೆಗೆಯುತ್ತಿದ್ದರು, ಆಸ್ಪತ್ರೆ ಮುಟ್ಟಿ ಇಸಿಜಿ ಯಂತ್ರ ಹಚ್ಚುವ ಹೊತ್ತಿಗೆ ನನ್ನ ಹೃದಯ ದೇವರ ಮುಂದೆ ಕುಳಿತ ಮುತ್ತೈದೆಯಂತೆ ಶಾಂತವಾಗಿರುತ್ತಿತ್ತು. ಕಾಗದದ ಮೇಲೆ ಎಲ್ಲ ಸರಿ. ಹಿಂತಿರುಗುವಾಗ ಆಟೊದಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆ ಮೌನದಲ್ಲಿ ನಾನು ನಾಟಕ ಮಾಡುವವಳಾಗಿಬಿಡುತ್ತಿದ್ದೆ. ಅದಕ್ಕಿಂತ ಎದೆ ಓಡುವುದೇ ವಾಸಿ ಅನ್ನಿಸುತ್ತಿತ್ತು.

ಗಡಿಯಾರ ಬಂದದ್ದು ಆಮೇಲೆ. ಅದು ನನ್ನದಲ್ಲ, ಮಗಳು ಸವಿತಾಳದು. ಅವಳು ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದು ದಿನಾ ಮೈದಾನದಲ್ಲಿ ಓಡುತ್ತಿದ್ದಳು. ಓಡುವಾಗ ಹೃದಯ ಎಷ್ಟು ಬಡಿಯುತ್ತದೆ ಎಂದು ತೋರಿಸುವ ಗಡಿಯಾರ ಅದು. ಬಡಿತ ಏರಿದಂತೆ ಬಣ್ಣ ಬದಲಾಗುತ್ತದೆ, ಒಂದೊಂದು ಬಣ್ಣಕ್ಕೆ ಒಂದೊಂದು ಝೋನ್. ನಾನು ಒಂದು ದಿನ ಅವಳ ಜೊತೆ ಮೈದಾನಕ್ಕೆ ಹೋದಾಗ ನನ್ನ ಕೈಗೆ ಕಟ್ಟಿ ಪಾಠ ಹೇಳಿದಳು.

"ನೋಡವ್ವಾ, ನಡಕೋಂತ ಹರಟಿ ಹೊಡಿಯಾಕ ಬಂತಂದ್ರ ನೀ ಹಸಿರಿನ್ಯಾಗ ಅದಿ ಅಂತ ತಿಳ್ಕೊ. ಮಾತು ತುಂಡ ತುಂಡ ಆದ್ರ ಕಿತ್ತಳಿ. ಒಂದ ಮಾತೂ ಹೊರಗ ಬರದಂಗ ಆತಂದ್ರ ಅದು ಕೆಂಪು. ಕೆಂಪಿನ್ಯಾಗ ಭಾಳ ಹೊತ್ತು ಇರಬಾರದು."

"ಹಂಗಾರ ನಿಮ್ಮ ಚಿಗವ್ವ ಎಂದೂ ಹಸಿರು ಬಿಟ್ಟು ಮ್ಯಾಲ ಏರೂದಿಲ್ಲ ಬಿಡು," ಎಂದೆ. ರೇಣವ್ವನ ಬಾಯಿ ನಿಲ್ಲುವುದು ನಿದ್ದೆಯಲ್ಲಿ ಮಾತ್ರ.

ಮರುದಿನ ಸವಿತಾ ಪರೀಕ್ಷೆಗೆ ಓದುತ್ತ ಕುಳಿತಾಗ, ತಮಾಷೆಗೆ ನಾನು ಅದನ್ನು ಕಟ್ಟಿಕೊಂಡೇ ರೊಟ್ಟಿ ಬಡಿಯಲು ಕುಳಿತೆ. ಕೈತುಂಬ ಹಸಿರು ಬಳೆ ಇದ್ದುದರಿಂದ ಗಡಿಯಾರ ಬಳೆಗಳ ಮೇಲೆ ಸಡಿಲಾಗಿ ಕುಳಿತಿತ್ತು. ಎರಡು ರೊಟ್ಟಿ ಆಗುವಷ್ಟರಲ್ಲಿ ಅದು ಕಿರುಚಿತು. ಪೂರ್ತಿ ಕೆಂಪು. ರೇಣವ್ವ ಹಿಟ್ಟಿನ ಕೈಯಲ್ಲೇ ಎದ್ದಳು, ಮನೆಯವರು ಆಟೊ ತೆಗೆದರು, ಮತ್ತೆ ಆಸ್ಪತ್ರೆ, ಮತ್ತೆ ಶಾಂತವಾದ ಕಾಗದ. ಮನೆಗೆ ಬಂದ ಮೇಲೆ ಸವಿತಾ ನನ್ನನ್ನು ಮತ್ತೆ ಒಲೆಯ ಮುಂದೆ ಕೂರಿಸಿ ನೋಡಿದಳು. ನಾನು ಬಡಿಯುವಾಗ ಕೆಂಪು, ಕೈ ನಿಲ್ಲಿಸಿದರೆ ತುಸು ಹೊತ್ತಿನಲ್ಲೇ ಹಸಿರು. ಅಷ್ಟು ಹೊತ್ತೂ ನಾನು ಆರಾಮಾಗಿ ಮಾತಾಡುತ್ತಲೇ ಇದ್ದೆ. ಗಡಿಯಾರ ನನ್ನ ಎದೆಯನ್ನು ಎಣಿಸುತ್ತಿರಲಿಲ್ಲ, ನನ್ನ ಅಂಗೈ ರೊಟ್ಟಿಯ ಮೇಲೆ ಬೀಳುವುದನ್ನು ಎಣಿಸುತ್ತಿತ್ತು.

ಓಣಿಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅಂದಿನಿಂದ ನನ್ನ ಮನೆಯವರ ಪಾಲಿಗೆ ಆ ಗಡಿಯಾರವೂ ಸುಳ್ಳಾಯಿತು, ನನ್ನ ಎದೆಯೂ ಸುಳ್ಳಾಯಿತು.

ಆ ವಾರವೇ ಅದು ಮತ್ತೆ ಬಂತು. ಊಟ ಮಾಡಿ ಗೋಡೆಗೆ ಒರಗಿ ಕುಳಿತಿದ್ದೆ. ಗಡಿಯಾರ ಕೈಯಲ್ಲೇ ಇತ್ತು, ಈ ಸಲ ಸವಿತಾ ಬಳೆಗಳನ್ನು ಮೇಲಕ್ಕೆ ಸರಿಸಿ ಚರ್ಮಕ್ಕೆ ತಾಗುವಂತೆ ಬಿಗಿಯಾಗಿ ಕಟ್ಟಿದ್ದಳು. ಗುಂಡಿ ಒತ್ತಿದಂತೆ ಎದೆ ಓಡಿತು. ಗಡಿಯಾರ ಕೆಂಪಾಯಿತು. ಕೈ ಎರಡೂ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು.

"ಮತ್ತ ಸುಳ್ಳ ಹೇಳಾಕ ಹತ್ತಿತೇನು ಅದು?" ಎಂದರು ಮನೆಯವರು, ಪೇಪರಿನಿಂದ ತಲೆ ಎತ್ತದೆ.

ನನಗೆ ಅಳು ಬಂತು. ಅಳುವುದಕ್ಕೂ ಉಸಿರು ಸಾಲಲಿಲ್ಲ. ರೇಣವ್ವ ನೀರು ತಂದಳು, ಕುಡಿದೆ, ಧಡ್ ಎಂದು ನಿಂತಿತು. ಸವಿತಾ ಮಾತ್ರ ಗಡಿಯಾರ ಬಿಚ್ಚಿಕೊಂಡು, ಮೊಬೈಲಿನಲ್ಲಿ ಅದು ಬರೆದಿಟ್ಟ ಬಡಿತದ ಗೆರೆ ತೆಗೆದು ಅಪ್ಪನ ಮುಂದೆ ಹಿಡಿದಳು.

"ಅಪ್ಪಾ, ಇದು ನಾ ಓಡಿದ್ದು. ನೋಡ್ರಿ, ಗುಡ್ಡ ಏರಿದಂಗ ಏರತೈತಿ, ನಿಂತ ಮ್ಯಾಲ ಸಾವಕಾಶ ಇಳೀತೈತಿ. ಇದು ಅವ್ವ ರೊಟ್ಟಿ ಬಡಿದಿದ್ದು, ಎಲ್ಲೆಂದ್ರಲ್ಲೆ ಜಿಗದಾಡೇತಿ. ಇದು ಈಗಿಂದು. ಏರಿಲ್ಲ, ಇಳಿದಿಲ್ಲ. ಗ್ವಾಡಿ ಕಟ್ಟಿದಂಗ ನಿಂತೈತಿ. ಕುಂತಾಕಿಗಿ ಯಾಕ ಕೆಂಪು ಬರ್ಬೇಕ್ರಿ?"

ಮನೆಯವರು ಬಹಳ ಹೊತ್ತು ಆ ಗೆರೆ ನೋಡಿದರು. ಆಮೇಲೆ ಪೇಪರ್ ಮಡಚಿಟ್ಟು, "ನಾಳೆ ಹೋಗೂಣು," ಎಂದರು. ಅಷ್ಟೇ. ಆದರೆ ಆ ಒಂದು ಮಾತಿಗೆ ನಾನು ತಿಂಗಳುಗಟ್ಟಲೆ ಕಾದಿದ್ದೆ.

ಗದಗಿನಲ್ಲಿ ಹೃದಯದ ವೈದ್ಯರ ಕೋಣೆಯ ಹೊರಗೆ ಉದ್ದನೆಯ ಬೆಂಚು. ಪಕ್ಕದಲ್ಲಿ ಹಿರೇಹಂದಿಗೋಳದಿಂದ ಬಂದಿದ್ದ ಒಬ್ಬ ಅಜ್ಜ. ನಾನು ಮತ್ತೆ ಮತ್ತೆ ಆ ಬಾಗಿಲತ್ತ ನೋಡುವುದನ್ನು ಕಂಡು, "ಮೊದಲ ಸಲ ಏನವಾ?" ಎಂದು ಕೇಳಿದ. ಹೌದೆಂದೆ. "ನಂದು ಹಳೇ ಗಾಡಿ, ತಡಾ ಆದ್ರೂ ನಡೀತೈತಿ. ನೀ ಮುಂದ ಹೋಗು," ಎಂದು ತನ್ನ ಪಾಳಿಯನ್ನು ನನಗೆ ಬಿಟ್ಟುಕೊಟ್ಟ. ಆಸ್ಪತ್ರೆಯಲ್ಲಿ ಪಾಳಿ ಬಿಟ್ಟುಕೊಡುವುದೆಂದರೆ ಏನು ಎಂಬುದು ಅಲ್ಲಿ ಕಾದವರಿಗೇ ಗೊತ್ತು.

ವೈದ್ಯರು ಗೆರೆ ನೋಡಿದರು, ನಗಲಿಲ್ಲ. "ನನಗ ಸಂಶೆ ಐತ್ರಿ ಅಮ್ಮಾರ. ಆದ್ರ ಗಡಿಯಾರ ನೋಡಿ ನಾ ಮುಂದಿನ ಹೆಜ್ಜಿ ಇಡಾಕ ಬರೂದಿಲ್ಲ. ಅದು ಓಡೋ ಮುಂದ ಇಸಿಜಿ ಒಳಗ ಹಿಡೀಬೇಕು. ಒಂದ ಸಲ ಸಿಕ್ರ ಸಾಕು," ಎಂದರು. ಆಮೇಲೆ ಪೆನ್ನು ಕೆಳಗಿಟ್ಟು, ಈವರೆಗೆ ಯಾರೂ ಕೇಳದ ಪ್ರಶ್ನೆ ಕೇಳಿದರು. "ಅದು ನಿಲ್ಲೂಕಿಂತ ಮೊದಲ ಏನ ಮಾಡ್ತೀರಿ?"

"ಏನಿಲ್ರಿ. ನೀರ ಕುಡೀತೀನಿ."

"ತಣ್ಣೀರು?"

"ಹರವ್ಯಾಗಿಂದು."

ಅವರು ಕುರ್ಚಿಗೆ ಒರಗಿ ನಕ್ಕರು. ತಣ್ಣೀರು ಗಂಟಲಿಳಿದರೆ ಕೆಲವರಿಗೆ ಇಂಥ ಓಟ ನಿಲ್ಲುತ್ತದಂತೆ. ಅದು ಒಳ್ಳೆಯದೇ. ಆದರೆ ನಾವು ಪ್ರತಿ ಸಲವೂ ರೋಗವನ್ನು ಮನೆಯಲ್ಲೇ ನಿಲ್ಲಿಸಿ, ಖಾಲಿ ಕೈಯಲ್ಲಿ ಆಸ್ಪತ್ರೆಗೆ ಬರುತ್ತಿದ್ದೆವು. ಮುಂದಿನ ಸಲ ಬಂದರೆ ನೀರು ಕುಡಿಯದೆ ಹತ್ತಿರದ ಆಸ್ಪತ್ರೆಗೆ ನೆಟ್ಟಗೆ ಹೋಗಿ ಎಂದರು. ಒಂದು ಚೀಟಿಯಲ್ಲಿ ಅಲ್ಲಿಯ ವೈದ್ಯರಿಗೆ ನಾಲ್ಕು ಸಾಲು ಬರೆದುಕೊಟ್ಟರು. ಹೊರಡುವಾಗ ಬೆರಳೆತ್ತಿ ಹೇಳಿದರು: "ಕಣ್ಣಿಗಿ ಕತ್ತಲಿ ಬಂತು, ಎದಿ ನೋವು ಬಂತು ಅಂದ್ರ ಇದನ್ನೆಲ್ಲಾ ಮರೀರಿ. ಆಗ ಜೀವ ಮುಖ್ಯ, ಕಾಗದ ಅಲ್ಲ."

ಆಮೇಲೆ ಕಾಯುವ ದಿನಗಳು. ಬರಬಾರದು ಎಂದು ಬೇಡಿಕೊಂಡಿದ್ದನ್ನು ಈಗ ಬಾ ಎಂದು ಕಾಯಬೇಕಿತ್ತು. ಸವಿತಾ ಗಡಿಯಾರವನ್ನು ನನಗೇ ಬಿಟ್ಟುಬಿಟ್ಟಳು. "ನನಗ ಮಾತ ಐತಲ್ಲವ್ವಾ, ಮಾತಾಡಕೋಂತ ಓಡ್ತೀನಿ," ಎಂದಳು. ಮೈದಾನದಲ್ಲಿ ತನ್ನಷ್ಟಕ್ಕೇ ಮಾತಾಡುತ್ತ ಓಡುವ ಅವಳನ್ನು ನೋಡಿ ಜನ ಏನೆಂದುಕೊಂಡರೋ. ನಾನು ರೊಟ್ಟಿ ಬಡಿಯುವಾಗ ಅದನ್ನು ಬಿಚ್ಚಿಟ್ಟು, ಉಳಿದ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದೆ. ಗಳಿಗೆಗೊಮ್ಮೆ ಅದರತ್ತ ನೋಡುವುದೇ ಒಂದು ರೋಗವಾಯಿತು. ಹಸಿರು ಕಂಡರೆ ಸಮಾಧಾನ, ಹಸಿರು ಕಂಡರೆ ನಿರಾಸೆ.

ನಾಗರಪಂಚಮಿ ಹತ್ತಿರ ಬಂತು. ಪ್ರತಿ ಪಂಚಮಿಗೆ ಮೊದಲು ನಾನು ಲಕ್ಷ್ಮೇಶ್ವರಕ್ಕೆ ಹೋಗಿ ಜುಬೇದಕ್ಕನ ಕೈಯಲ್ಲೇ ಬಳೆ ಇಡಿಸಿಕೊಳ್ಳುವುದು. ಜುಬೇದಕ್ಕ ಯಾರೆಂದು ಹೇಳಬೇಕು. ನನ್ನ ತವರು ಮುಂಡರಗಿ ತಾಲೂಕಿನ ಡೋಣಿ. ನಾನು ಚಿಕ್ಕವಳಿದ್ದಾಗ ಅವಳ ತಾಯಿ ಬಳೆ ಪೋಣಿಸಿದ ಮಲಾರದ ಗಂಟು ಹೊತ್ತು ಡಂಬಳ, ಡೋಣಿ ತಿರುಗುತ್ತಿದ್ದಳು. ಜೊತೆಗೆ ಇವಳು. ಬಿಸಿಲಲ್ಲಿ ಬಂದವರಿಗೆ ನಮ್ಮ ಅಜ್ಜಿ ನೀರು ಕೊಡುತ್ತಿದ್ದಳು, ಆದರೆ ತಂಬಿಗೆ ಕೊಡುತ್ತಿರಲಿಲ್ಲ. ಅವರು ಬೊಗಸೆ ಹಿಡಿಯಬೇಕು, ಅಜ್ಜಿ ಮೇಲಿನಿಂದ ಹೊಯ್ಯಬೇಕು. ಜುಬೇದಕ್ಕನ ಮೊಣಕೈಯಿಂದ ನೀರು ಇಳಿದು ಅವಳ ಲಂಗ ತೋಯುತ್ತಿತ್ತು. ಮದುವೆಯಾದ ಮೇಲೆ ನಾನು ಮೊದಲ ಸಲ ಲಕ್ಷ್ಮೇಶ್ವರದ ಅವಳ ಮನೆಗೆ ಹೋದಾಗ, ಅವಳು ತಂಬಿಗೆ ಹಿಡಿದು ನನ್ನ ಮುಖ ನೋಡುತ್ತ ನಿಂತಳು. ನಾನು ತಂಬಿಗೆಯನ್ನು ತುಟಿಗೆ ಕಚ್ಚಿ ಕುಡಿದೆ. ನಮ್ಮ ಗೆಳೆತನ ಶುರುವಾದದ್ದು ಅಲ್ಲಿಂದ. ಆಮೇಲೆ ಒಂದು ಸಲವೂ ಅವಳ ಮನೆಯಲ್ಲಿ ನೀರು ಕುಡಿಯದೆ ನಾನು ಕೈ ಚಾಚಿದವಳಲ್ಲ.

ಆ ದಿನ ರೇಣವ್ವ ಜೊತೆಗಿದ್ದಳು. ಶಿರಹಟ್ಟಿಯ ಅವಳ ತವರಿನಲ್ಲಿ ಇಣುಕಿ, ಲಕ್ಷ್ಮೇಶ್ವರ ಸೇರಿದೆವು. ಜುಬೇದಕ್ಕ ಬಟ್ಟೆ ಹಾಸಿ ಬಳೆ ಹರಡಿದ್ದಳು. "ಕುಂಡ್ರಿ, ನೀರ ತರ್ತೀನಿ," ಎಂದು ಒಳಗೆ ಹೋದಳು. ನಾನು ಕುಳಿತು, ಒಂದು ಹಸಿರು ಬಳೆಯತ್ತ ಬಗ್ಗಿದೆ.

ಗುಂಡಿ ಒತ್ತಿದಂತಾಯಿತು.

ಗಡಿಯಾರ ಕೆಂಪು. ನಾನು ರೇಣವ್ವನಿಗೆ ಕೈ ತೋರಿಸಿದೆ. ಅಷ್ಟರಲ್ಲಿ ಜುಬೇದಕ್ಕ ತಂಬಿಗೆ ಹಿಡಿದು ಬಂದಳು. ನನ್ನನ್ನು ನೋಡಿದ್ದೇ ತಡ, ಪಕ್ಕದಲ್ಲಿ ಕುಳಿತು ತಂಬಿಗೆಯನ್ನು ಬಾಯಿಗೇ ತಂದಳು. "ಯಾ ಅಲ್ಲಾ, ಏನಾತ ನೀಲಾ? ಕುಡಿ, ಒಂದ ಗುಟುಕ ಕುಡಿ."

ನಾನು ಕೈಯಿಂದ ತಳ್ಳಿದೆ. ನೀರು ಬಳೆಗಳ ಮೇಲೆ ಚೆಲ್ಲಿತು. ಹೇಳಬೇಕೆಂದು ಬಾಯಿ ತೆರೆದೆ, ಒಂದು ಅಕ್ಷರವೂ ಹೊರಡಲಿಲ್ಲ. ಬಾಯಿ ನಿಲ್ಲದ ರೇಣವ್ವನಿಗೆ ಆ ಗಾಬರಿಯಲ್ಲಿ ಬಂದದ್ದು ಒಂದೇ ಮಾತು:

"ಬ್ಯಾಡ್ರೀ, ಬ್ಯಾಡ್ರೀ! ಆಕಿ ನೀರ ಕುಡೀಬಾರದು!"

ಜುಬೇದಕ್ಕನ ಕೈ ಕೆಳಗಿಳಿಯಿತು. ಅವಳು ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಸಿಟ್ಟಿರಲಿಲ್ಲ ಅದರಲ್ಲಿ. ಬೊಗಸೆ ಹಿಡಿದು ನಿಂತ ಆ ಹುಡುಗಿಯೇ ಇದ್ದಳು. ಅವಳು ಎದ್ದು ಒಳಗೆ ಹೋದಳು. ನನ್ನ ಎದೆ ಒಡೆದದ್ದು ಓಟಕ್ಕಲ್ಲ, ಆ ಬೆನ್ನು ನೋಡಿ.

ಆದರೆ ಅವಳು ಬುರ್ಖಾ ಹಾಕಿಕೊಂಡು ಹೊರಬಂದಳು. ಓಣಿಯ ತುದಿಗೆ ಕೂಗಿ ಆಟೊ ನಿಲ್ಲಿಸಿದಳು. ನನ್ನ ಬಗಲಿಗೆ ಕೈ ಹಾಕಿ ಎಬ್ಬಿಸಿದಳು. ಇನ್ನೊಂದು ಕೈಯಲ್ಲಿ ತಂಬಿಗೆ ಇತ್ತು. ಯಾಕೆ ತಂದಳೋ, ಅವಳಿಗೂ ಗೊತ್ತಿರಲಿಲ್ಲವೇನೋ. ಆಟೊ ಕುಲುಕಿದಾಗೆಲ್ಲ ಅದರ ಬಾಯಿಗೆ ಅಂಗೈ ಮುಚ್ಚಿಕೊಳ್ಳುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ, ರಸ್ತೆ ನೋಡುತ್ತಲೇ ಕೇಳಿದಳು:

"ಖರೆ ಹೇಳು ನೀಲಾ. ನೀರ ಕುಡೀಬ್ಯಾಡ ಅಂತ ಡಾಕ್ಟರು ಹೇಳ್ಯಾರೋ, ನಿಮ್ಮ ಅಜ್ಜಿ ಹೇಳ್ಯಾಳೋ?"

ಅವಳ ಕೈ ಎಳೆದು ನನ್ನ ಗಡಿಯಾರದ ಮೇಲೆ ಇಟ್ಟೆ, ಆಮೇಲೆ ಕತ್ತಿನ ಮೇಲೆ ಇಟ್ಟುಕೊಂಡೆ. ಹುಟ್ಟಿದಾಗಿನಿಂದ ಹೆಂಗಸರ ಮಣಿಕಟ್ಟು ಹಿಡಿದ ಬೆರಳುಗಳು ಅವು. ಅಲ್ಲಿ ಬಡಿಯುತ್ತಿದ್ದುದು ತಾಗಿದ ಕೂಡಲೇ ಅವಳು ಬೆಚ್ಚಿಬಿದ್ದಳು. ಅಷ್ಟರಲ್ಲಿ ರೇಣವ್ವನಿಗೆ ಬಾಯಿ ಬಂತು. ಡಾಕ್ಟರು, ಚೀಟಿ, ಹರವಿಯ ನೀರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸುರಿದಳು. ಜುಬೇದಕ್ಕ ನನ್ನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು, ಆಟೊದವನಿಗೆ ಕೂಗಿದಳು: "ಜಲ್ದಿ ಹೊಡಿಯೋ ಮಾರಾಯಾ!"

ಆಸ್ಪತ್ರೆಯಲ್ಲಿ ಚೀಟಿ ನೋಡಿದ ವೈದ್ಯೆ ನೆಟ್ಟಗೆ ಇಸಿಜಿ ಕೋಣೆಗೆ ಕಳಿಸಿದರು. ಅಲ್ಲಿ ಎದೆ ನೋವಿನ ಒಬ್ಬ ರೈತ ಮಲಗಿದ್ದ, ಯಂತ್ರ ಅವನಿಗೆ ಹಚ್ಚಿದ್ದರು. ಅವನನ್ನು ಎಬ್ಬಿಸಿ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತೆವು. ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು, ತಂಬಿಗೆ ಗೇಣು ದೂರದಲ್ಲಿತ್ತು. ಒಂದು ಗುಟುಕಿಗೆ ಎಲ್ಲ ನಿಲ್ಲುತ್ತದೆ. ನಿಂತರೆ ಮತ್ತೆ ನಾನು ಸುಳ್ಳಿ. ನಿಲ್ಲದಿದ್ದರೆ, ಈ ಬೆಂಚಿನ ಮೇಲೆಯೇ ಏನಾದರೂ ಆದರೆ? ಭಯಕ್ಕೆ ಕಣ್ಣು ಮುಚ್ಚಿದೆ.

"ಕಣ್ಣ ತಗಿ," ಎಂದಳು ಜುಬೇದಕ್ಕ. "ಕತ್ತಲಿ ಬಂತೇನು?"

ಇಲ್ಲವೆಂದು ತಲೆಯಾಡಿಸಿದೆ.

ಅವಳು ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ಕುಳಿತಳು. "ಕೆಂಪ ಐತಿ... ಇನ್ನಾ ಕೆಂಪ ಐತಿ... ಇರು, ಅಲ್ಲೇ ಇರು ನಮ್ಮಪ್ಪಾ, ಹೋಗಬ್ಯಾಡ," ಎಂದು ಗಡಿಯಾರಕ್ಕೆ ಹೇಳುತ್ತಿದ್ದಳು. ಹೆದರಿಕೆಯ ನಡುವೆಯೂ ನನಗೆ ನಗು ಬಂತು.

ಬಾಗಿಲು ತೆರೆಯಿತು. ಮಲಗಿದೆ. ತಣ್ಣನೆಯ ಬಿಲ್ಲೆಗಳನ್ನು ಎದೆಗೆ ಹಚ್ಚಿದರು. ಯಂತ್ರ ಕರಕರ ಎಂದು ಕಾಗದ ಉಗುಳಿತು. ವೈದ್ಯೆ ಅದನ್ನು ಬೆಳಕಿಗೆ ಹಿಡಿದು, "ಸಿಕ್ತು," ಎಂದರು. ಆ ಎರಡಕ್ಷರ ಕೇಳಿದ ರೇಣವ್ವ ಬಾಗಿಲಲ್ಲೇ ಕುಸಿದು ಕುಳಿತು ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ. ರೋಗವಿದೆ ಎಂದು ತಿಳಿದು ಅಷ್ಟು ಸಂತೋಷಪಟ್ಟ ಹೆಂಗಸು ಆ ಆಸ್ಪತ್ರೆಯಲ್ಲಿ ಬೇರೊಬ್ಬಳು ಇರಲಿಕ್ಕಿಲ್ಲ.

ವೈದ್ಯೆ ಇಂಜೆಕ್ಷನ್ ತಯಾರಿಸಲು ಹೇಳಿ ನನ್ನತ್ತ ತಿರುಗಿದರು. "ಅಷ್ಟ್ರಾಗ ನಿಮ್ಮ ಔಷಧ ನೋಡೂಣು. ನೀರ ಕುಡೀರಿ. ಯಾರರ ತಣ್ಣೀರ ತರ್ರಿ."

ಯಾರೂ ಹೋಗಬೇಕಾಗಲಿಲ್ಲ. ಬಾಗಿಲಿನಿಂದ ಜುಬೇದಕ್ಕ ಒಳಗೆ ಬಂದಳು. ಹಾಸಿಗೆಯ ಹತ್ತಿರ ನಿಂತು ತಂಬಿಗೆ ಚಾಚಿದಳು. ಆದರೆ ಈ ಸಲ ಬಾಯಿಗೆ ತರಲಿಲ್ಲ. ಕೈಯಲ್ಲಿ ಹಿಡಿದು, ನನ್ನ ಮುಖ ನೋಡುತ್ತ ನಿಂತಳು, ಮೊದಲ ದಿನ ನಿಂತ ಹಾಗೆಯೇ.

ನಾನು ಎದ್ದು ಕುಳಿತು ಎರಡೂ ಕೈಯಲ್ಲಿ ತಂಬಿಗೆ ಇಸಿದುಕೊಂಡೆ. ತುಟಿಗೆ ಕಚ್ಚಿ ಗಟಗಟ ಕುಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಧಡ್ ಎಂದು ಏಟು ಬಿತ್ತು. ಯಂತ್ರದ ಗೆರೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಸಾವಕಾಶ ನಡೆಯಿತು. ಗಡಿಯಾರ ಕೆಂಪು ಬಿಟ್ಟು ಕಿತ್ತಳೆಯಾಯಿತು, ಹಸಿರಾಯಿತು.

"ನಿಮ್ಮ ಮನಿ ನೀರು ಭಾಳ ಗಟ್ಟಿ ಐತಿ ಅಕ್ಕಾ," ಎಂದೆ. ನನ್ನ ಮಾತು ಪೂರ್ತಿ ಹೊರಗೆ ಬಂದಿತ್ತು.

ಜುಬೇದಕ್ಕ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡಳು. ಅದರಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನು ಚೆಲ್ಲಲಿಲ್ಲ, ಮೇಲೆತ್ತಿ ಬಾಯಿಗೆ ಹೊಯ್ದುಕೊಳ್ಳಲೂ ಇಲ್ಲ. ನಾನು ಕಚ್ಚಿದ ಕಡೆಯೇ ತುಟಿ ಇಟ್ಟು ಪೂರ್ತಿ ಕುಡಿದು, ಬುರ್ಖಾದ ಅಂಚಿನಿಂದ ಬಾಯಿ ಒರೆಸಿಕೊಂಡಳು.

"ನನಗೂ ಬಾಯಿ ಒಣಗಿತ್ತವಾ," ಎಂದಳು.